ಗೇಮ್ ಡಬ್ಬಿ, ಸೀರಿಯಲ್ಲು ಮತ್ತು ಕನ್ನಡದ ಸಾಲು

ಹೋದ ಸಲ ಊರಿಗೆ ಹೋದಾಗ ಅಮ್ಮ ನನ್ನನ್ನು ಅಟ್ಟ ಹತ್ತಿಸಿದಳು. ಬೆಂಗಳೂರಿನಲ್ಲಿ ನೀವು ಎಷ್ಟೇ ದೊಡ್ಡ ಸಾಫ್ಟ್‌ವೇರ್ ಇಂಜಿನಿಯರ್ ಆಗಿರಿ, ಸಿದ್ದಾಪುರಕ್ಕೆ ಬಂದರೆ ಅಟ್ಟ ಕ್ಲೀನ್ ಮಾಡೋ ಕೆಲಸ ನಿಮಗಾಗಿ ಕಾದಿರುತ್ತೆ. ಖಾಲಿ ಶೇಂಗಾ ಚೀಲಗಳ ಕೆಳಗೆ ಸಿಕ್ಕಿದ್ದು ನನ್ನ ಹಳೇ ಟಿವಿ ವಿಡಿಯೋ ಗೇಮ್! ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ ಅಪ್ಪ ಚಳ್ಳಕೆರೆಯಲ್ಲಿ ಕೊಡಿಸಿದ್ದು. ಕ್ಯಾಸೆಟ್ ಮೇಲೆ '9999 ಇನ್ 1' ಅಂತ ಬರೆದಿತ್ತು. ಇದ್ದಿದ್ದು ಹತ್ತೋ ಹದಿನೈದೋ ಗೇಮು, ಉಳಿದಿದ್ದೆಲ್ಲ ಅವೇ ತಿರುಗಾ ಮುರುಗಾ. ಜಪಾನಿನ ನಿಂಟೆಂಡೊ 1983ರಲ್ಲಿ ಮಾಡಿದ ಮೆಷಿನ್ನಿನ ನಕಲು ಅದು ಅಂತ ಗೊತ್ತಾಗಿದ್ದು ಇಂಜಿನಿಯರಿಂಗ್ ಸೇರಿದ ಮೇಲೆ.

ಆ ಡಬ್ಬಿಯಿಂದ ನಮ್ಮ ಮನೆಯಲ್ಲಿ ಆದ ಜಗಳಕ್ಕೆ ಲೆಕ್ಕ ಇಲ್ಲ. ಟಿವಿ ಒಂದೇ. ನಾನು ಕಾಂಟ್ರಾ ಆಡ್ತಾ ಕೊನೇ ಸ್ಟೇಜಿಗೆ ಬರೋ ಹೊತ್ತಿಗೆ ಸರಿಯಾಗಿ ಸೀತಾರಾಂ ಅವರ 'ಮುಕ್ತ ಮುಕ್ತ' ಶುರುವಾಗೋದು. "ಲೇ, ಆ ಡಬ್ಬಾ ಕಿತ್ತಾಕ್ತೀಯೋ ಇಲ್ವೋ" ಅಂತ ಅಮ್ಮ. "ಒಂದೇ ಒಂದು ಲೈಫ್ ಇದೆ ತಡಿಯಮ್ಮ" ಅಂತ ನಾನು. ಕೊನೆಗೆ ಕರೆಂಟ್ ಹೋಗಿ ಇಬ್ಬರೂ ಹೊರಗೆ ಕಟ್ಟೆ ಮೇಲೆ ಕೂರ್ತಿದ್ವಿ. ಆಗ ನನಗೊಂದು ಐಡಿಯಾ ಬರ್ತಿತ್ತು. ಗೇಮು, ಸೀರಿಯಲ್ಲು ಎರಡೂ ಒಂದೇ ಡಬ್ಬಿಯಲ್ಲಿ ಬಂದುಬಿಟ್ಟರೆ ಜಗಳವೇ ಇರಲ್ಲವಲ್ಲ ಅಂತ.

ನಗಬೇಡಿ. ಮೈಕ್ರೋಸಾಫ್ಟ್ ಕಂಪನಿಗೂ ಇದೇ ಐಡಿಯಾ ಬಂದಿತ್ತು!

2012ರಲ್ಲಿ ಅವರು 'ಎಕ್ಸ್‌ಬಾಕ್ಸ್ ಎಂಟರ್‌ಟೈನ್‌ಮೆಂಟ್ ಸ್ಟುಡಿಯೋಸ್' ಅಂತ ಶುರು ಮಾಡಿದರು. ಎಕ್ಸ್‌ಬಾಕ್ಸ್ ಅನ್ನೋದು ಅವರ ಗೇಮ್ ಡಬ್ಬಿ. ಅದಕ್ಕೆ ಅಂತಲೇ ಸ್ವಂತ ಟಿವಿ ಕಾರ್ಯಕ್ರಮ ಮಾಡಿಸೋಕೆ ಅಮೆರಿಕದ ಸಿಬಿಎಸ್ ಚಾನೆಲ್ಲಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನ್ಯಾನ್ಸಿ ಟೆಲೆಮ್ ಅವರನ್ನು ಕರೆತಂದರು. 2013ರ ಮೇ 21ಕ್ಕೆ ಹೊಸ ಡಬ್ಬಿ 'ಎಕ್ಸ್‌ಬಾಕ್ಸ್ ಒನ್' ತೋರಿಸಿದಾಗ ಗೇಮಿಗಿಂತ ಟಿವಿ ಬಗ್ಗೆಯೇ ಜಾಸ್ತಿ ಮಾತು. ಅವರದ್ದೇ 'ಹೇಲೋ' ಗೇಮನ್ನು ಸೀರಿಯಲ್ ಮಾಡ್ತೀವಿ, ಸ್ಟೀವನ್ ಸ್ಪೀಲ್‌ಬರ್ಗ್ ಜೊತೆಗಿರ್ತಾರೆ ಅಂದರು. ಗೇಮ್ ಆಡೋ ಹುಡುಗರು "ಟಿವಿ ಟಿವಿ ಟಿವಿ" ಅಂತ ಗೇಲಿ ಮಾಡಿ ನಕ್ಕರು.

ಡಬ್ಬಿ ಮಾರುಕಟ್ಟೆಗೆ ಬಂತು, 499 ಡಾಲರ್. ಎದುರಾಳಿ ಸೋನಿಯ ಪ್ಲೇಸ್ಟೇಷನ್ 4ಗೆ 399. ಮನುಷ್ಯರ ಕೈಕಾಲು ಅಲ್ಲಾಡೋದನ್ನು ನೋಡೋ ಕ್ಯಾಮೆರಾ ಒಂದನ್ನು ಬಲವಂತವಾಗಿ ಜೊತೆಗೆ ಕಟ್ಟಿಕೊಟ್ಟಿದ್ದಕ್ಕೆ ಆ ರೇಟು. ಜನ ಸೋನಿ ಕಡೆ ಹೋದರು. 2014ರ ಜುಲೈನಲ್ಲಿ ಮೈಕ್ರೋಸಾಫ್ಟ್ 18 ಸಾವಿರ ಜನರನ್ನು ತೆಗೀತೀವಿ ಅಂತ ಘೋಷಿಸಿದ ದಿನವೇ ಈ ಟಿವಿ ಸ್ಟುಡಿಯೋ ಮುಚ್ಚುವ ಸುದ್ದಿಯೂ ಬಂತು. ಎರಡು ವರ್ಷ ಕೂಡ ತುಂಬಿರಲಿಲ್ಲ. ತಮಾಷೆ ಅಂದರೆ ಎಕ್ಸ್‌ಬಾಕ್ಸ್ ಒನ್ ಇಂಡಿಯಾಕ್ಕೆ ಬಂದಿದ್ದೇ ಅದಾದ ಎರಡು ತಿಂಗಳಿಗೆ, ಸೆಪ್ಟೆಂಬರಿನಲ್ಲಿ. 39,990 ರೂಪಾಯಿ!

ಮುಚ್ಚಿದವರು ಸತ್ಯ ನಾದೆಲ್ಲಾ. ಇಲ್ಲಿ ಒಂದು ಸಣ್ಣ ಹೆಮ್ಮೆ (ಅಥವಾ ಸಂಕಟ). ಅವರು ಓದಿದ್ದು ನಮ್ಮ ಮಣಿಪಾಲದಲ್ಲಿ. ಅವರ ತಂದೆಯ ಊರು ಅನಂತಪುರ ಜಿಲ್ಲೆ, ನಮ್ಮ ಮೊಳಕಾಲ್ಮುರಿನಿಂದ ರಾಯದುರ್ಗ ದಾಟಿದರೆ ಅದೇ ಜಿಲ್ಲೆ ತಾನೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡ್ತಿದ್ದೆ. ನಾನು ಹೇಳಬೇಕು ಅಂತಿರೋದೇ ಇದನ್ನ. ಡಬ್ಬಿ ಮಾರೋವನಿಗೆ ಕಾರ್ಯಕ್ರಮ ಅನ್ನೋದು ಗಾಳಕ್ಕೆ ಸಿಕ್ಕಿಸಿದ ಎರೆಹುಳು. ಮೀನು ಬೀಳದಿದ್ದರೆ ಮೊದಲು ಬದಲಾಯಿಸೋದು ಹುಳುವನ್ನೇ. ಎರೆಹುಳು ರುಚಿಯಾಗಿತ್ತೋ ಇಲ್ವೋ ಅಂತ ಯಾರೂ ಕೇಳಲ್ಲ.

ಬೇಕಾದರೆ 'ಹ್ಯೂಮನ್ಸ್' ಸೀರಿಯಲ್ ನೋಡಿ. ಮನೆಗೆಲಸಕ್ಕೆ ಬರೋ ರೋಬೋಗಳ ಕಥೆ. ಮೈಕ್ರೋಸಾಫ್ಟ್ ಇದನ್ನು ಬ್ರಿಟನ್ನಿನ ಚಾನೆಲ್ 4 ಜೊತೆ ಮಾಡೋಕೆ ಒಪ್ಪಿಕೊಂಡಿತ್ತು. ಸ್ಟುಡಿಯೋ ಮುಚ್ಚಿತು. ಅವರ ಜಾಗಕ್ಕೆ ಎಎಂಸಿ ಚಾನೆಲ್ ಬಂತು, 2015ರಲ್ಲಿ ಪ್ರಸಾರ ಆಯಿತು, ಜನ ಮೆಚ್ಚಿದರು, ಮೂರು ಸೀಸನ್ ನಡೀತು. ಅಂದರೆ ಸೀರಿಯಲ್ಲಿನಲ್ಲಿ ತಪ್ಪಿರಲಿಲ್ಲ. 'ಹೇಲೋ' ಕೂಡ ಸತ್ತುಬಿಡಲಿಲ್ಲ, 2022ರಲ್ಲಿ ಪ್ಯಾರಾಮೌಂಟ್ ಪ್ಲಸ್‌ನಲ್ಲಿ ಬಂದು ಎರಡು ಸೀಸನ್ ಆಗಿ ನಿಂತಿತು.

ಆ ಸ್ಟುಡಿಯೋದಿಂದ ಕೊನೆಗೂ ಹೊರಬಂದ ಕೆಲವೇ ಕೆಲಸಗಳಲ್ಲಿ 'ಅಟಾರಿ: ಗೇಮ್ ಓವರ್' ಅನ್ನೋ ಸಾಕ್ಷ್ಯಚಿತ್ರ ಒಂದು (2014). ನನಗೆ ತುಂಬಾ ಇಷ್ಟವಾದದ್ದು. ಅಟಾರಿ ಅನ್ನೋ ಗೇಮ್ ಕಂಪನಿಯನ್ನು 1976ರಲ್ಲಿ ಕೊಂಡುಕೊಂಡಿದ್ದು ವಾರ್ನರ್, ಅಂದರೆ ಸಿನಿಮಾದವರು. ಅವರು ಸ್ಪೀಲ್‌ಬರ್ಗರ 'ಇ.ಟಿ.' ಸಿನಿಮಾವನ್ನು ಗೇಮ್ ಮಾಡಬೇಕು ಅಂತ ಹಠ ಹಿಡಿದರು. 1982ರ ಕ್ರಿಸ್‌ಮಸ್ಸಿಗೆ ಅಂಗಡಿಯಲ್ಲಿರಲಿ ಅಂತ ಒಬ್ಬನೇ ಒಬ್ಬ ಪ್ರೋಗ್ರಾಮರ್‌ಗೆ, ಹೋವರ್ಡ್ ಸ್ಕಾಟ್ ವಾರ್ಶಾ ಅಂತ, ಐದು ವಾರ ಟೈಮ್ ಕೊಟ್ಟರು. (ಐದು ವಾರ! ನಮ್ಮ ಮ್ಯಾನೇಜರುಗಳು ಇದನ್ನು ಓದದಿರಲಿ.) ಗೇಮ್ ಮುಗ್ಗರಿಸಿತು, ಮಾರದೆ ಉಳಿದ ಕ್ಯಾಸೆಟ್ಟುಗಳನ್ನು 1983ರಲ್ಲಿ ನ್ಯೂ ಮೆಕ್ಸಿಕೋದ ಅಲಮಗಾರ್ಡೊ ಊರಿನ ತಿಪ್ಪೆಯಲ್ಲಿ ಹೂತರು. 2014ರ ಏಪ್ರಿಲ್‌ನಲ್ಲಿ ಅದನ್ನು ಅಗೆದು ಸುಮಾರು 1,300 ಕ್ಯಾಸೆಟ್ ಹೊರತೆಗೆದದ್ದೇ ಈ ಚಿತ್ರದ ಕಥೆ. ಸಿನಿಮಾದವರು ಗೇಮಿಗೆ ಬಂದು ಮಣ್ಣು ಮುಕ್ಕಿದ ಕಥೆಯನ್ನು, ಗೇಮಿನವರು ಸಿನಿಮಾ ಮಾಡೋಕೆ ಬಂದು ಮಣ್ಣು ಮುಕ್ಕುವ ಹೊತ್ತಿಗೆ ತೆಗೆದರು. ಎರಡು ಕಡೆಯೂ ಪಾಪ ಸ್ಪೀಲ್‌ಬರ್ಗ್ ಹೆಸರು :-)

ಸೋನಿಯೂ ಇದೇ ದಾರಿ ಹಿಡಿದಿತ್ತು. 2015ರಲ್ಲಿ 'ಪವರ್ಸ್' ಅಂತ ಸೀರಿಯಲ್ ಮಾಡಿ ಪ್ಲೇಸ್ಟೇಷನ್ ಚಂದಾದಾರರಿಗೆ ಬಿಟ್ಟಿ ಕೊಟ್ಟಿತು. ಎರಡು ಸೀಸನ್ನಿಗೆ ಮಂಗಳ. ಆಮೇಲೆ ಅವರಿಗೆ ಬುದ್ಧಿ ಬಂತು ಅನ್ಸುತ್ತೆ. 2019ರಲ್ಲಿ ಹೊಸ ಸಂಸ್ಥೆ ಮಾಡಿಕೊಂಡು, ನಮ್ಮ ಡಬ್ಬಿಯಲ್ಲೇ ನೋಡಿ ಅನ್ನೋ ಷರತ್ತು ಬಿಟ್ಟು, ತಮ್ಮ ಗೇಮಿನ ಕಥೆಗಳನ್ನು ಕಾರ್ಯಕ್ರಮ ಮಾಡೋದೇ ಕಸುಬಾದವರ ಜೊತೆ ಸೇರಿ ಮಾಡತೊಡಗಿದರು. 'ದಿ ಲಾಸ್ಟ್ ಆಫ್ ಅಸ್' 2023ರಲ್ಲಿ ಎಚ್‌ಬಿಓದಲ್ಲಿ ಬಂತು, ಮಿಕ್ಕಿದ್ದು ನಿಮಗೇ ಗೊತ್ತು.

ಸರಿ, ಅಮೆರಿಕದ ಡಬ್ಬಿ ಪುರಾಣ ಸಿದ್ದಾಪುರದವನಿಗೆ ಯಾಕಪ್ಪಾ ಅಂತೀರಾ? ಗೇಮಿನ ಕೆಲಸ ನಮ್ಮಲ್ಲೂ ಆಗಿದೆ. ಬೆಂಗಳೂರಿನ ಧ್ರುವ ಇಂಟರಾಕ್ಟಿವ್ 1997ರಿಂದಲೇ ಇತ್ತು, ಎಕ್ಸ್‌ಬಾಕ್ಸಿನ 'ಫೋರ್ಜಾ' ರೇಸಿನ ಕಾರುಗಳನ್ನು ಇಲ್ಲಿ ಕೂತು ಮಾಡಿದವರಿದ್ದಾರೆ. 2019ರಲ್ಲಿ ಆ ಕಂಪನಿಯನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಆದರೆ ಕನ್ನಡದಲ್ಲಿ ಗೇಮ್ ಡಬ್ಬಿ ಮಾಡಿದವರು ಯಾರೂ ಇಲ್ಲ. ನಮ್ಮಲ್ಲಿ ಆ ಡಬ್ಬಿಯ ಜಾಗದಲ್ಲಿ ಕೂತಿರೋದು ಓಟಿಟಿ ಆ್ಯಪುಗಳು. ಸಿಮ್ ಮಾರೋಕೆ, ಸಾಮಾನು ಮಾರೋಕೆ ಕಾರ್ಯಕ್ರಮ ಕೊಡ್ತಾರೆ. ಅದರಲ್ಲಿ ಕನ್ನಡದ ಗತಿ ಏನು ಅನ್ನೋದು ನನ್ನ ತಲೆನೋವು.

ಎರೆಹುಳು ಆಗೋದರಲ್ಲಿ ಲಾಭವೇ ಇಲ್ಲ ಅಂತ ನಾನು ಹೇಳಲ್ಲ. 2020ರ ಲಾಕ್‌ಡೌನಿನಲ್ಲಿ ಪುನೀತ್ ಅವರ ಪಿಆರ್‌ಕೆ ಮಾಡಿದ 'ಲಾ', 'ಫ್ರೆಂಚ್ ಬಿರಿಯಾನಿ' ನೇರವಾಗಿ ಅಮೆಜಾನಿನಲ್ಲಿ ಬಂದವು, ಮನೆಯಲ್ಲಿ ಕೂತು ಖುಷಿಯಾಗಿ ನೋಡಿದ್ವಿ. ಆದರೆ ಲೆಕ್ಕ ಬದಲಾದಾಗ ಏನಾಗುತ್ತೆ ನೋಡಿ. 2022ರಲ್ಲಿ ದಾನಿಶ್ ಸೇಠ್ ಅವರ 'ಹಂಬಲ್ ಪೊಲಿಟಿಷಿಯನ್ ನೊಗರಾಜ್' ಸೀರೀಸ್ ವೂಟ್‌ನಲ್ಲಿ ಬಂತು. ಮರುವರ್ಷ ವೂಟ್ ಹೋಗಿ ಜಿಯೋಸಿನಿಮಾದಲ್ಲಿ ಕರಗಿತು. 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಹೋಗಿ ಜಿಯೋಹಾಟ್‌ಸ್ಟಾರ್ ಆಯಿತು. ಮೂರೇ ವರ್ಷದಲ್ಲಿ ಮೂರು ಬೋರ್ಡು.

'ಏಕಂ' ಕಥೆ ಇನ್ನೂ ಬೇಜಾರಿನದು. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ, ಸುಮಂತ್ ಭಟ್ ಮತ್ತು ಗೆಳೆಯರು ಸೇರಿ ಕರಾವಳಿಯ ಏಳು ಕಥೆಗಳನ್ನು ಸೀರೀಸ್ ಮಾಡಿದರು. ಮಾಡಿ ವರ್ಷಗಟ್ಟಲೆ ಕಾದರೂ ಯಾವ ಓಟಿಟಿಯೂ ತಗೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ 149 ರೂಪಾಯಿಗೆ ಬಿಟ್ಟರು. ಅವರಿಗೆ ಮಾರೋಕೆ ಬೇರೆ ಡಬ್ಬಿ ಇರಲಿಲ್ಲ, ಆ ಸೀರೀಸೇ ಸರಕು. ಆಗ ನನ್ನ ಫ್ರೆಂಡ್ ಒಬ್ಬ ಮೆಸೇಜ್ ಮಾಡಿದ, "ಟೆಲಿಗ್ರಾಂ ಲಿಂಕ್ ಇದ್ರೆ ಕಳ್ಸೋ ಮಗಾ". ಕನ್ನಡ ರಾಜ್ಯೋತ್ಸವಕ್ಕೆ ಶಲ್ಯ ಹಾಕ್ಕೊಂಡು ಡಿಪಿ ಹಾಕೋ ಆಸಾಮಿ. ಅವನನ್ನು ಬೈದೆ. ಆದರೆ ನಾನು ದುಡ್ಡು ಕೊಟ್ಟು ನೋಡಿದ್ದು ಕೂಡ ಒಂದೂವರೆ ತಿಂಗಳ ಮೇಲೆ. ನಾಳೆ ನೋಡೋಣ, ನಾಡಿದ್ದು ನೋಡೋಣ ಅಂತ. 149 ರೂಪಾಯಿಗೆ ಬೆಂಗಳೂರಿನಲ್ಲಿ ಒಂದು ಒಳ್ಳೇ ಕಾಫಿ ಬರಲ್ಲ ಕೆಲವು ಕಡೆ.

ಇನ್ನೊಂದು ತಪ್ಪೊಪ್ಪಿಗೆ ಇದೆ. ಕೆಲವು ವರ್ಷಗಳ ಹಿಂದೆ ನಾನೊಂದು ಕಂಪನಿಯಲ್ಲಿದ್ದೆ, ಹೆಸರು ಬೇಡ. ಟಿವಿ ಆನ್ ಮಾಡಿದಾಗ ಸಿನಿಮಾ, ಸೀರಿಯಲ್ಲುಗಳ ಸಾಲುಗಳು ಕಾಣ್ತಾವಲ್ಲ, ಅವು ಯಾವ ಕ್ರಮದಲ್ಲಿ ಬರಬೇಕು ಅಂತ ತೀರ್ಮಾನಿಸೋ ಕೋಡ್ ನಮ್ಮ ಟೀಮಿನದು. ರೂಲ್ ಸಿಂಪಲ್. ಒಂದು ಸಾಲನ್ನು ಜನ ಇಂತಿಷ್ಟು ಹೊತ್ತು ನೋಡದಿದ್ದರೆ ಅದು ಕೆಳಗೆ ಹೋಗುತ್ತೆ. ಕನ್ನಡದ ಸಾಲಿನಲ್ಲಿ ಇದ್ದದ್ದೇ ಕೆಲವು ಹಳೇ ಸಿನಿಮಾ, ಹೊಸದು ಯಾರೂ ಕೊಂಡಿರಲಿಲ್ಲ. ಹೊಸದಿಲ್ಲ, ಹಾಗಾಗಿ ನೋಡಲ್ಲ. ನೋಡಲ್ಲ, ಹಾಗಾಗಿ ಕೆಳಗೆ. ಕೆಳಗಿದೆ, ಹಾಗಾಗಿ ಹೊಸದು ಕೊಳ್ಳಲ್ಲ. ನನಗೆ ಇದು ಕಾಣ್ತಿತ್ತು. ಮೀಟಿಂಗಿನಲ್ಲಿ ಒಂದು ಸಲ ಬಾಯಿಬಿಟ್ಟೆ. "ಡೇಟಾ ಏನು ಹೇಳುತ್ತೆ?" ಅಂದರು. ಡೇಟಾ ಅವರ ಪರವಾಗಿಯೇ ಇತ್ತು. ಆ ಕೋಡ್ ಬರೆದು ಮುಗಿಸಿದವನು ನಾನೇ. ಆಮೇಲೆ ಊರಿಂದ ಅಮ್ಮ ಫೋನ್ ಮಾಡಿ, "ಟಿವಿ ಕೆಟ್ಟೈತೆ ಕಣೋ, ಕನ್ನಡದವೇ ಕಾಣಂಗಿಲ್ಲ" ಅಂದಳು. ಏನಂತ ಹೇಳಲಿ? "ಕೆಳಗಿನ ಬಟನ್ ಒತ್ತುತಾ ಹೋಗಮ್ಮ" ಅಂದೆ.

ಇದು ಹೊಸ ರೋಗ ಏನಲ್ಲ. ನಮ್ಮೂರ ಸುತ್ತ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಕೆಲವೇ ಮೈಲಿ ಅಂತರದಲ್ಲಿ ಮೂರು ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಸ್ಕೂಲಿನಿಂದ ಕರ್ಕೊಂಡು ಹೋಗ್ತಿದ್ದರು, ನಾವು ಬಂಡೆ ಹತ್ತಿ ಜಾರಿ ಆಡ್ತಿದ್ವಿ. ಶಾಸನ ಇರೋದು ಪ್ರಾಕೃತದಲ್ಲಿ. ಬರೆದ ಚಪಡ ಅನ್ನೋ ಲಿಪಿಕಾರ ಕೊನೆಯಲ್ಲಿ 'ಲಿಪಿಕಾರ' ಅನ್ನೋ ಮಾತನ್ನು ಮಾತ್ರ ದೂರದ ವಾಯವ್ಯ ಪ್ರಾಂತ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಬಂಡೆ ನಮ್ಮೂರದ್ದು, ಖರ್ಚು ಚಕ್ರವರ್ತಿಯದು, ಭಾಷೆಯೂ ಅವನದ್ದೇ. 80ರ ದಶಕದಲ್ಲಿ ಶಂಕರ್ ನಾಗ್ ಅಷ್ಟೆಲ್ಲ ನಮ್ಮ ಕಲಾವಿದರನ್ನು ಕರ್ಕೊಂಡು ನಮ್ಮ ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್' ತೆಗೆದರಲ್ಲ, ಅದು ಕೂಡ ಹಿಂದಿ, ಇಂಗ್ಲಿಷಿನಲ್ಲೇ ಬಂತು. ಯಾಕಂದರೆ ಆ ಬಂಡೆ ದೂರದರ್ಶನದ್ದು.

ಹಾಗಂತ ದೊಡ್ಡ ಕಂಪನಿಗಳ ಮುಂದೆ "ಕನ್ನಡದಲ್ಲೂ ಮಾಡಿ ಸ್ವಾಮಿ" ಅಂತ ಟ್ವೀಟ್ ಮಾಡಿಕೊಂಡು ಕೂರೋದು ನನಗೆ ಸರಿ ಕಾಣಲ್ಲ. ಮಾಡ್ತಾರೆ, ಒಂದು ವರ್ಷ. ಆಮೇಲೆ ಯಾರೋ ಹೊಸ ಬಾಸ್ ಬಂದು ಮುಚ್ಚುತ್ತಾರೆ. ನನಗೆ ಸ್ವಲ್ಪ ಆಸೆ ಇರೋದು ಕಾರ್ಯಕ್ರಮವೇ ಕಸುಬಾದವರ ಮೇಲೆ. 2025ರಲ್ಲಿ ಜೀ5 'ಅಯ್ಯನ ಮನೆ', 'ಶೋಧ' ಅಂತ ಕನ್ನಡದ ಸೀರೀಸ್ ತಂತು. ಅವರಿಗೆ ಕನ್ನಡ ಚಾನೆಲ್ ಇದೆ, ಅದನ್ನು ನೋಡೋ ನಮ್ಮಮ್ಮನಂಥವರು ಲಕ್ಷಗಟ್ಟಲೆ ಇದ್ದಾರೆ, ಗಿರಾಕಿ ಯಾರು ಅಂತ ಗೊತ್ತು. ಇನ್ನು ಸೀರೀಸ್ ಮಾಡೋ ಹುಡುಗರಿಗೆ ಒಂದು ಮಾತು. ಆ್ಯಪಿನವರ ಜೊತೆ ಸೈನ್ ಮಾಡುವಾಗ, ಆ್ಯಪು ಮುಚ್ಚಿದರೆ ಅಥವಾ ನಮ್ಮದನ್ನು ತೆಗೆದುಹಾಕಿದರೆ ಹಕ್ಕು ನಮಗೆ ವಾಪಸ್ ಅಂತ ಒಂದು ಸಾಲು ಹಾಕಿಸಿ. 'ಹ್ಯೂಮನ್ಸ್' ಬದುಕಿದ್ದು ಚಾನೆಲ್ 4 ಪಾಲುದಾರ ಆಗಿದ್ದಕ್ಕೆ. ಬರೀ ಗೇಮ್ ಡಬ್ಬಿಯವರ ಕೈಯಲ್ಲೇ ಇದ್ದಿದ್ದರೆ ಅದರ ಹೆಸರೂ ನಮಗೆ ಗೊತ್ತಾಗ್ತಿರಲಿಲ್ಲವೇನೋ.

'ಏಕಂ' ಮೊದಲ ಕಥೆಯನ್ನು ನಾನು ಅಮ್ಮನ ಜೊತೆ ಊರಲ್ಲೇ ನೋಡಿದ್ದು. ಲ್ಯಾಪ್‌ಟಾಪಿನಿಂದ ಟಿವಿಗೆ ವೈರ್ ಎಳೆದು, ಮೊಬೈಲ್ ನೆಟ್‌ವರ್ಕ್ ಬಿಟ್ಟು ಬಿಟ್ಟು ಬರ್ತಾ. ಮಂಗಳೂರು ಕಡೆ ಮಾತು ಅಮ್ಮನಿಗೆ ಅರ್ಧಂಬರ್ಧ ಅರ್ಥ ಆಯಿತು, ಆದರೂ ಎದ್ದು ಹೋಗಲಿಲ್ಲ. ಮುಗಿದ ಮೇಲೆ ಕೇಳಿದಳು, "ಇದು ಯಾವ ಚಾನೆಲ್ಲಿನಾಗೆ ಬರ್ತತೋ?"

"ಯಾವುದರಲ್ಲೂ ಬರಲ್ಲಮ್ಮ."

"ಮತ್ತೆ ನೀನು ಬೆಂಗಳೂರಿಗೆ ಹೋದಮ್ಯಾಲೆ ಮಿಕ್ಕಿದ್ದು ಹೆಂಗ್ ನೋಡ್ಲಿ?"

ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಬರೋಕಾಗಲ್ಲವಲ್ಲ. ರಜೆ ಎರಡು ದಿನ ಮುಂದುವರಿಸಿ ಉಳಿದ ಆರೂ ಕಥೆ ತೋರಿಸಿಯೇ ಚಳ್ಳಕೆರೆ ಬಸ್ ಹತ್ತಿದೆ.