ಸೂಜಿಗೆ ಮುನ್ನ ಕಣ್ಣಿನ ಅಳತೆ ನೋಡಿ

ಮುಂದಿನ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆಯಲಿದ್ದಾರೆ. ಮೂರು ದಶಕಗಳ ಕಾಲ ಅನ್ಯರ ಕಣ್ಣಿನ ಪೊರೆ ತೆಗೆದವನು ನಾನು. ಈಗ ಮೇಜಿನ ಮೇಲೆ ಮಲಗುವ ಸರದಿ ನನ್ನದು. ಸಹಿಗಾಗಿ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಕೃತಕ ಮಸೂರದ ಬಗೆಗಳು, ಅವುಗಳ ದರ, ವಿಮೆಯ ಷರತ್ತು ಎಲ್ಲವೂ ವಿವರವಾಗಿದ್ದವು. ಅರಿವಳಿಕೆಗೆ ಮೀಸಲಾದದ್ದು ಎರಡೇ ಪದ: 'ಸ್ಥಳೀಯ ಅರಿವಳಿಕೆ'. ಯಾವ ಬಗೆಯದು ಎಂದು ಕೇಳಿದರೆ ಕೌಂಟರಿನಲ್ಲಿದ್ದ ಯುವಕ, "ಏನೂ ನೋವಾಗುವುದಿಲ್ಲ ಸರ್" ಎಂದ. ನನ್ನ ರೋಗಿಗಳಿಗೆ ನಾನು ವರ್ಷಗಟ್ಟಲೆ ಕೊಟ್ಟ ಉತ್ತರವೂ ಅದೇ ಆಗಿತ್ತು.

ಸ್ಥಳೀಯ ಅರಿವಳಿಕೆಯ ಚರಿತ್ರೆ ಆರಂಭವಾದದ್ದೇ ಕಣ್ಣಿನಿಂದ. ಕೊಕೇನ್ ದ್ರಾವಣದ ಕೆಲವು ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ವಿಯೆನ್ನಾದ ಯುವ ವೈದ್ಯ ಕಾರ್ಲ್ ಕಾಲರ್ 1884ರಲ್ಲಿ ತೋರಿಸಿಕೊಟ್ಟ. ಕಾಲಕ್ರಮದಲ್ಲಿ ಹನಿ ಹಿಂದೆ ಸರಿದು ಸೂಜಿ ಮುಂದೆ ಬಂತು. ಕಣ್ಣುಗುಡ್ಡೆಯ ಹಿಂಬದಿಗೆ ಉದ್ದನೆಯ ಸೂಜಿಯಿಂದ ಔಷಧ ತುಂಬುವ ಕ್ರಮ ದಶಕಗಳ ಕಾಲ ಆಳಿತು. ಚುಚ್ಚುವಾಗ ರೋಗಿ ಮೇಲಕ್ಕೆ, ಮೂಗಿನ ಕಡೆಗೆ ನೋಡುತ್ತಿರಬೇಕೆಂದು ಪಠ್ಯಗಳು ಹೇಳುತ್ತಿದ್ದವು. ಹಾಗೆ ನೋಡಿದಾಗ ದೃಷ್ಟಿನರವೇ ಸೂಜಿಯ ಹಾದಿಗೆ ಬರುತ್ತದೆ ಎಂಬುದು 1981ರ ಸಿ.ಟಿ. ಸ್ಕ್ಯಾನ್ ಅಧ್ಯಯನದಿಂದ ಬೆಳಕಿಗೆ ಬಂತು. 1980ರ ದಶಕದಲ್ಲೇ ಬಂದ ಪೆರಿಬಲ್ಬಾರ್ ಕ್ರಮದಲ್ಲಿ ಸೂಜಿ ಗಿಡ್ಡದಾಯಿತು, ಔಷಧ ಗುಡ್ಡೆಯ ಸುತ್ತಲೇ ನಿಂತಿತು. ಅಪಾಯ ಇಳಿಯಿತು, ಆದರೆ ಸೂಜಿ ಸೂಜಿಯೇ.

ನನ್ನ ಕೈಯಲ್ಲಿ ಕಣ್ಣು ಕಳೆದುಕೊಂಡವರು ಒಬ್ಬ ನಿವೃತ್ತ ಶಾಲಾ ಮೇಷ್ಟರು. ಮೈನಸ್ ಹನ್ನೆರಡರ ದಪ್ಪ ಕನ್ನಡಕ. ಸಮೀಪದೃಷ್ಟಿ ಅಷ್ಟು ಹೆಚ್ಚಿದ್ದವರ ಕಣ್ಣುಗುಡ್ಡೆ ಹಿಂದಕ್ಕೆ ನೀಳವಾಗಿ ಬೆಳೆದಿರುತ್ತದೆ, ಅದರ ಗೋಡೆ ತೆಳುವಾಗಿರುತ್ತದೆ. ಸಾಮಾನ್ಯ ಕಣ್ಣಿನ ಉದ್ದ 23-24 ಮಿಲಿಮೀಟರ್, ಅವರದು 28. ಮಸೂರದ ಶಕ್ತಿಯನ್ನು ಲೆಕ್ಕ ಹಾಕಲು ಈ ಉದ್ದವನ್ನು ಅಳೆಯಲೇಬೇಕು, ಆದ್ದರಿಂದ ಅದು ಕೇಸ್ ಶೀಟಿನಲ್ಲಿ ಇದ್ದೇ ಇತ್ತು. ಅಂದು ಸರದಿಯಲ್ಲಿ ಇನ್ನೂ ಹಲವರು ಕಾದಿದ್ದರು. ನಾನು ಹಾಳೆ ತಿರುವದೆ ಸೂಜಿ ಚುಚ್ಚಿದೆ. ಅದು ಗುಡ್ಡೆಯನ್ನೇ ತೂರಿತು. ಅಕ್ಷಿಪಟಲ ಕಳಚಿತು, ದೃಷ್ಟಿ ಮರಳಲಿಲ್ಲ. "ನನ್ನ ಹಣೆಬರಹ, ಬಿಡಿ ಡಾಕ್ಟ್ರೇ" ಎಂದರು ಮೇಷ್ಟರು. ಹಣೆಯಲ್ಲಿ ಬರೆದಿತ್ತೋ ಇಲ್ಲವೋ, ಕೇಸ್ ಶೀಟಿನಲ್ಲಂತೂ ಬರೆದಿತ್ತು.

ಇಂತಹ ಅವಘಡಗಳು ಅಪರೂಪ ಎಂಬುದು ನಿಜ. ಆದರೆ ತಪ್ಪಿಸಲು ದಾರಿಯಿದ್ದಾಗ ಅಪರೂಪ ಎಂಬುದು ಸಮಾಧಾನದ ಮಾತಾಗದು. 1992ರಿಂದೀಚೆಗೆ ಪ್ರಚಾರಕ್ಕೆ ಬಂದ ಸಬ್-ಟೆನನ್ ಕ್ರಮದಲ್ಲಿ, ಮೊದಲು ಹನಿ ಹಾಕಿ, ಕಣ್ಣಿನ ಬಿಳಿಭಾಗದ ಮೇಲ್ಪದರದಲ್ಲಿ ಸಣ್ಣ ಕತ್ತರಿಗುರುತು ಮಾಡಿ, ಮೊಂಡು ತುದಿಯ ಬಾಗಿದ ನಳಿಕೆಯನ್ನು ಗುಡ್ಡೆಯ ಮೈಗುಂಟ ಜಾರಿಸಿ ಔಷಧ ಬಿಡುತ್ತಾರೆ. ಗುಡ್ಡೆ ತೂತಾಗುವ ಭಯ ಬಹುಮಟ್ಟಿಗೆ ತಪ್ಪುತ್ತದೆ. ಕಣ್ಣು ಕೆಲವು ದಿನ ಕೆಂಪಗಿರಬಹುದು, ಅಷ್ಟೇ. ಶಿಬಿರಗಳಲ್ಲಿ ಇದನ್ನೇಕೆ ಎಲ್ಲರಿಗೂ ಮಾಡುವುದಿಲ್ಲ? ಪ್ರತಿ ಕಣ್ಣಿಗೂ ಬೇರೆ ಕತ್ತರಿ, ಬೇರೆ ಚಿಮಟ, ತುಸು ಹೆಚ್ಚು ಸಮಯ ಬೇಕು. ಒಂದೇ ದಿನ ಹತ್ತಾರು ಪೊರೆ ತೆಗೆಯುವ ಕಡೆ ಸೂಜಿಯೇ ಸಲೀಸು. ಆ ಒತ್ತಡವನ್ನು ನಾನು ಬಲ್ಲೆ, ಅಲ್ಲಗಳೆಯಲಾರೆ.

ನಗರದ ಜಾಹೀರಾತುಗಳ ಕಥೆ ಬೇರೆ. 'ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ, ಪಟ್ಟಿ ಇಲ್ಲ' ಎಂಬ ಘೋಷಣೆಯಲ್ಲಿ ಹನಿ ಅರಿವಳಿಕೆ ಶ್ರೀಮಂತರ ಸವಲತ್ತಿನಂತೆ ಕಾಣುತ್ತದೆ. ವಾಸ್ತವದಲ್ಲಿ ಮೂರರಲ್ಲಿ ಅಗ್ಗವಾದದ್ದು ಹನಿಯೇ. ದುಬಾರಿಯಾದದ್ದು ಫೇಕೋ ಯಂತ್ರ ಮತ್ತು ಮಸೂರ. ಹನಿಗೆ ತನ್ನದೇ ಮಿತಿಯೂ ಇದೆ. ನೋವು ಹೋಗುತ್ತದೆ, ಕಣ್ಣಿನ ಚಲನೆ ನಿಲ್ಲುವುದಿಲ್ಲ. ರೋಗಿ ಅಲುಗಾಡದೆ ಬೆಳಕನ್ನೇ ನೋಡುತ್ತಿರಬೇಕು. ಕಿವಿ ಕೇಳಿಸದವರಿಗೆ, ಕೆಮ್ಮಿನವರಿಗೆ, ಮರೆವಿನ ಕಾಯಿಲೆಯವರಿಗೆ ಅದು ಹೊಂದದು. ಹಳ್ಳಿಗಳಲ್ಲಿ ತಡವಾಗಿ ಬರುವ ಗಟ್ಟಿ ಕಂದು ಪೊರೆಗೂ ಕಷ್ಟ, ಏಕೆಂದರೆ ಅದನ್ನು ಹೊರತೆಗೆಯಲು ದೊಡ್ಡ ಗಾಯ ಬೇಕು. (ಹನಿ ಹಾಕಿಸಿಕೊಂಡವರಿಗೆ ವೈದ್ಯರ ನಿಟ್ಟುಸಿರೂ ಕೇಳಿಸುತ್ತದೆ, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.) ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಕಣ್ಣು ಮತ್ತು ರೋಗಿಯ ಸ್ಥಿತಿ, ಬಿಲ್ಲಿನ ಮೊತ್ತವಲ್ಲ.

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಅಂದಿನಿಂದ ಎಷ್ಟು ಕಣ್ಣು ತೆರೆದೆವು ಎಂಬ ಲೆಕ್ಕವನ್ನು ನಾವು ಹೆಮ್ಮೆಯಿಂದ ಇಡುತ್ತಿದ್ದೇವೆ, ಇಡಬೇಕಾದದ್ದೇ. ನಾನು ಕೇಳುತ್ತಿರುವುದಕ್ಕೆ ಹೊಸ ಯಂತ್ರ ಬೇಡ, ಹೊಸ ಅನುದಾನವೂ ಬೇಡ. ಉದ್ದ 26 ಮಿಲಿಮೀಟರ್ ದಾಟಿದ ಕಣ್ಣಿನ ಕೇಸ್ ಶೀಟಿಗೆ ಕೆಂಪು ಶಾಯಿಯ ಗುರುತು ಬೀಳಲಿ, ಆ ಕಣ್ಣಿಗೆ ಚೂಪಾದ ಸೂಜಿ ಬೇಡ. ಒಪ್ಪಿಗೆ ಪತ್ರದಲ್ಲಿ ಹನಿಯೋ, ಸೂಜಿಯೋ, ಮೊಂಡು ನಳಿಕೆಯೋ ಎಂಬುದನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ ಸಹಿ ಪಡೆಯಲಿ.

ನನ್ನ ಕಣ್ಣಿನ ಉದ್ದ 26.8. ಪತ್ರದ ಅಂಚಿನಲ್ಲಿ ಅದನ್ನು ಬರೆದು, 'ಸೂಜಿ ಬೇಡ' ಎಂದು ಸೇರಿಸಿ ಸಹಿ ಹಾಕಿದೆ. ಅಲ್ಲೇ ಪಕ್ಕದ ಬೆಂಚಿನಲ್ಲಿ ದಪ್ಪ ಕನ್ನಡಕದ ಅಜ್ಜಿಯೊಬ್ಬರು ಅದೇ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು.