ಅಂಜದ ಪ್ರಾಣಿಗಳ ನಾಡಿಗೆ

ಪ್ರವಾಸದ ಸುಖದಲ್ಲಿ ಅರ್ಧಪಾಲು ಹೊರಡುವುದಕ್ಕೆ ಮೊದಲೇ ದೊರೆತುಬಿಡುತ್ತದೆ. ನಡುಮನೆಯಲ್ಲಿ ನಕಾಶೆಯನ್ನು ಹಾಸಿ, ಮನೆಮಂದಿಯೆಲ್ಲ ಸುತ್ತ ಕುಳಿತು ಬೆರಳಿನಿಂದಲೇ ಸಾಗರಗಳನ್ನು ದಾಟುವ ಆನಂದಕ್ಕೆ ಟಿಕೆಟ್ಟಿನ ಗೊಡವೆಯಿಲ್ಲ. ಮನುಷ್ಯನನ್ನು ಕಂಡರೆ ಓಡದ ಪ್ರಾಣಿಗಳಿರುವ ದ್ವೀಪಗಳುಂಟೆಂದು ಮಗಳು ಎಲ್ಲಿಯೋ ಓದಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಗಲಪಗೋಸ್ ಯಾತ್ರೆಯ ಸನ್ನಾಹ ನಡೆದಿದೆ.

ಈ ದ್ವೀಪಗಳು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶಕ್ಕೆ ಸೇರಿದವು. ಅದರ ಕರಾವಳಿಯಿಂದ ಸುಮಾರು 1000 ಕಿಲೋಮೀಟರು ಪಡುವಣಕ್ಕೆ, ಭೂಮಧ್ಯರೇಖೆಯ ಆಸುಪಾಸಿನಲ್ಲಿ ಚೆದರಿಕೊಂಡಿವೆ. ಗ್ವಾಯಾಕಿಲ್ ನಗರದಿಂದ ವಿಮಾನವೇರಿ ಬಾಲ್ಟ್ರಾ ದ್ವೀಪದಲ್ಲಿಳಿದರೆ, ಮುಂದಿನ ಸಂಚಾರವೆಲ್ಲ ದೋಣಿಯದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಬಿಸಿಲು ಹೆಚ್ಚು, ಕಡಲು ಶಾಂತ. ಜೂನ್ ಕಳೆಯಿತೆಂದರೆ ತಣ್ಣೀರಿನ ಹಂಬೋಲ್ಟ್ ಪ್ರವಾಹ ಬಲಗೊಂಡು ಮಂಜೂ ಅಲೆಯೂ ಏಳುತ್ತವೆ. ಆಗುಂಬೆಯ ತಿರುವುಗಳಲ್ಲಿಯೇ ಹೊಟ್ಟೆ ತೊಳಸುವ ನನ್ನಂಥವನಿಗೆ ಮೊದಲ ಕಾಲವೇ ಲೇಸು. ಹೊರಡುವ 10 ದಿನ ಮೊದಲೇ ಹಳದಿ ಜ್ವರದ ಚುಚ್ಚುಮದ್ದನ್ನು ಹಾಕಿಸಿಕೊಂಡಿರಬೇಕು. ನಮ್ಮಂಥ ಪರದೇಶದ ವಯಸ್ಕರಿಗೆ ಪ್ರವೇಶ ಶುಲ್ಕವೇ 2024ರ ಆಗಸ್ಟಿನಿಂದ 200 ಡಾಲರು. ಈ ಅಂಕಿಯನ್ನು ಕೇಳಿದ ನನ್ನಾಕೆ ಮೌನವಾಗಿ ಎದ್ದು ಅಡಿಗೆಮನೆಗೆ ನಡೆದಳು.

ಮಗಳು ಮಾತ್ರ ಎದೆಗುಂದದೆ, ಒಯ್ಯಬೇಕಾದ ಸಾಮಾನಿನ ಪಟ್ಟಿಯನ್ನು ಮುಂದಿಟ್ಟಳು: ಆಮೆಗೆ ಬಾಳೆಯ ಹಣ್ಣು, ಕಡಲಸಿಂಹದ ಮರಿಗೆ ಬಿಸ್ಕತ್ತು, ಹಕ್ಕಿಗಳಿಗೆ ಕಡಲೆಕಾಯಿ. ನಾನು ಒಂದೊಂದನ್ನೇ ಹೊಡೆದುಹಾಕಬೇಕಾಯಿತು. ಹೊರಗಿನ ಹಣ್ಣು ಬೀಜಗಳು ಅಲ್ಲಿ ಬೇರೂರಬಾರದೆಂದು ವಿಮಾನವೇರುವ ಮೊದಲೇ ಸಾಮಾನನ್ನು ತಪಾಸಣೆ ಮಾಡುತ್ತಾರೆ. ಪ್ರಾಣಿಗಳಿಗೆ ತಿನ್ನಿಸುವಂತಿಲ್ಲ, ಮುಟ್ಟುವಂತಿಲ್ಲ, 2 ಮೀಟರಿಗಿಂತ ಹತ್ತಿರ ಹೋಗುವಂತಿಲ್ಲ.

"ಮುಟ್ಟದೆ, ಏನೂ ಕೊಡದೆ ಸ್ನೇಹ ಹೇಗಪ್ಪಾ?" ಎಂದಳು ಮಗಳು.

ಪ್ರಶ್ನೆ ಸಣ್ಣದಲ್ಲ. 1835ರಲ್ಲಿ ಚಾರ್ಲ್ಸ್ ಡಾರ್ವಿನ್ ಈ ದ್ವೀಪಗಳಿಗೆ ಬಂದಾಗ, ಕೊಂಬೆಯ ಮೇಲೆ ಕುಳಿತಿದ್ದ ಗಿಡುಗವನ್ನು ಬಂದೂಕಿನ ತುದಿಯಿಂದಲೇ ತಳ್ಳಿದನಂತೆ. ಬಾವಿಯ ಬಳಿ ಕೋಲು ಹಿಡಿದು ಕುಳಿತಿದ್ದ ಹುಡುಗನೊಬ್ಬನನ್ನೂ ಅವನು ಕಂಡನು. ನೀರು ಕುಡಿಯಲು ನಂಬಿ ಬಂದ ಹಕ್ಕಿಗಳನ್ನು ಆ ಹುಡುಗ ಊಟಕ್ಕಾಗಿ ಬಡಿದು ರಾಶಿ ಹಾಕಿದ್ದನು. ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕಬಲ್ಲ ದೈತ್ಯ ಆಮೆಗಳನ್ನು ತಿಮಿಂಗಿಲ ಬೇಟೆಯ ಹಡಗಿನವರು ಜೀವಂತ ಮಾಂಸದ ಉಗ್ರಾಣವೆಂದು ಹೊತ್ತೊಯ್ದರು. ಪಿಂಟಾ ದ್ವೀಪದ ಆಮೆಗಳಲ್ಲಿ 1971ರ ಹೊತ್ತಿಗೆ ಒಂದೇ ಒಂದು ಗಂಡು ಸಿಕ್ಕಿತು. 'ಒಂಟಿ ಜಾರ್ಜ್' ಎಂದು ಹೆಸರಾದ ಅದು 2012ರಲ್ಲಿ ಸತ್ತಿತು. ಅದರೊಡನೆ ಆ ಕುಲವೂ ಮುಗಿಯಿತು. ಆ ಪ್ರಾಣಿಗಳು ನಮಗೆ ಅಂಜದಿರುವುದು ನಮ್ಮ ಗುಣವನ್ನು ಮೆಚ್ಚಿ ಅಲ್ಲ, ನಮ್ಮನ್ನು ಅರಿಯದೆ.

ಶಾಕುಂತಲದ ಮೊದಲ ಅಂಕದಲ್ಲಿ, ಬಾಣ ಹೂಡಿದ ದುಷ್ಯಂತನನ್ನು ತಪಸ್ವಿಗಳು ತಡೆದು, ಇದು ಆಶ್ರಮದ ಮೃಗವೆಂದು ತಿಳಿಸುತ್ತಾರೆ. 1959ರಲ್ಲಿ ಈಕ್ವೆಡಾರ್ ಈ ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದುದೂ ಅಂಥದೇ ಮಾತು. ಆದರೆ ಬಾಣ ಹಿಡಿದವನನ್ನು ತಡೆಯುವುದು ಸುಲಭ. ಬಾಳೆಯ ಹಣ್ಣು ಹಿಡಿದವನನ್ನು ತಡೆಯುವುದು ಕಷ್ಟ.

ನಾನೇ ಅಂಥವನು. ನಮ್ಮೂರ ಸಮೀಪದ ಬೆಟ್ಟದ ದೇವಸ್ಥಾನಕ್ಕೆ ಹೋದಾಗಲೆಲ್ಲ ಕೋತಿಗಳಿಗೆ ಹಣ್ಣು ಹಂಚಿ, ಭೂತದಯೆ ಮೆರೆದೆನೆಂದು ಬೀಗುತ್ತಿದ್ದೆ. ಹೋದ ವರ್ಷ ಅವುಗಳಲ್ಲೊಂದು ಮುದುಕಿಯೊಬ್ಬಳ ಕೈಚೀಲಕ್ಕೆ ಹಾರಿತು. ಆಕೆ ಮೆಟ್ಟಿಲ ಮೇಲೆ ಬಿದ್ದಳು. ಯಾರೋ ದೊಣ್ಣೆ ಬೀಸಿದರು. ಕೋತಿ ಕಾಲೆಳೆದುಕೊಂಡು ಮರವೇರಿತು. ಚೀಲದಲ್ಲಿ ಹಣ್ಣಿರುತ್ತದೆಂದು ಅದಕ್ಕೆ ಕಲಿಸಿದ್ದ ನಾನು ಪಕ್ಕದಲ್ಲಿಯೇ ನಿಂತಿದ್ದೆ. ಏಟು ನನಗೆ ಬೀಳಲಿಲ್ಲ.

ಇದನ್ನು ಕೇಳಿದ ಮಗಳು ತುಸು ಹೊತ್ತು ಸುಮ್ಮನಿದ್ದು, ಅಳತೆಯ ಪಟ್ಟಿಯನ್ನು ತಂದು 2 ಮೀಟರು ಅಳೆದಳು. ಹೆಚ್ಚುಕಡಿಮೆ ಅಜ್ಜಿಯ ಮಂಚದಷ್ಟು ಉದ್ದವಾಯಿತು. "ಇಷ್ಟೇ ತಾನೆ? ಅಜ್ಜಿ ಕಾಲ್ದೆಸೆಯಲ್ಲಿ ಕುಳಿತರೂ ಕಥೆ ಕೇಳಿಸುತ್ತದೆ" ಎಂದಳು. ಬಿಸ್ಕತ್ತಿನ ಸ್ಥಳದಲ್ಲಿ ಚಿತ್ರ ಬರೆಯುವ ಪುಸ್ತಕ ಪಟ್ಟಿಗೆ ಸೇರಿತು.

ಯಾತ್ರೆಗೆ ಹಣ ಕೂಡಲು ಇನ್ನೂ ಕೆಲವು ವರ್ಷ ಬೇಕು. ಅಭ್ಯಾಸಕ್ಕೆಂದು ಕಳೆದ ಭಾನುವಾರ ಬೆಟ್ಟಕ್ಕೆ ಹೋಗಿದ್ದೆವು. ಚೀಲದಲ್ಲಿದ್ದುದು ದೇವರ ಪಾಲಿನ ಎರಡೇ ಹಣ್ಣು. ಅದರ ಬಾಯಿಯನ್ನು ನನ್ನಾಕೆ ಮೂರು ಗಂಟು ಹಾಕಿ ಬಿಗಿದಿದ್ದಳು.