ಹೊಗಳಿಕೆಯ ಹೊನ್ನಶೂಲ

ಅಮೆರಿಕದ ಕಪ್ಪು ಸ್ತ್ರೀಯನ್ನು ಹೊಗಳುವವರ ಬಾಯಲ್ಲಿ ಒಂದು ಪದ ಸದಾ ಸಿದ್ಧವಾಗಿರುತ್ತದೆ: 'ಗಟ್ಟಿಗಿತ್ತಿ'. ಎಷ್ಟೇ ಭಾರ ಹೇರಿದರೂ ಬಾಗದವಳು, ಎಷ್ಟೇ ನೊಂದರೂ ಅಳದವಳು ಎಂಬುದು ಇದರ ಭಾವ. ಕೇಳಲು ಇಂಪಾದ ಈ ಮಾತು ಗೌರವವಲ್ಲ, ಹೊನ್ನಶೂಲ. 'ಅವಳು ಸಹಿಸಬಲ್ಲಳು' ಎಂದು ತೀರ್ಮಾನಿಸಿದವರಿಗೆ ಅವಳ ನೋವನ್ನು ಕೇಳುವ ಹೊಣೆಯೇ ಉಳಿಯುವುದಿಲ್ಲ.

ಈ ಹೊಗಳಿಕೆಯ ಬೇರು ಗುಲಾಮಗಿರಿಯಲ್ಲಿದೆ. ಹೊಲದಲ್ಲಿ ಗಂಡಸಿನ ಸಮಕ್ಕೆ ಅವಳನ್ನು ದುಡಿಸಿ, ಹೆತ್ತ ಕೂಸನ್ನು ಮಾರಿಕೊಂಡ ಒಡೆಯರಿಗೆ, ಅವಳಿಗೆ ನೋವು ಕಡಿಮೆ ಎಂಬ ನಂಬಿಕೆ ಅನುಕೂಲವಾಗಿತ್ತು. 1840ರ ದಶಕದಲ್ಲಿ ಅಲಬಾಮ ರಾಜ್ಯದ ಮಾಂಟ್‌ಗೊಮರಿಯಲ್ಲಿ ಜೆ. ಮೇರಿಯನ್ ಸಿಮ್ಸ್ ಎಂಬ ವೈದ್ಯನು, ಹೆರಿಗೆಯಲ್ಲಿ ಗಾಯಗೊಂಡಿದ್ದ ಗುಲಾಮ ಸ್ತ್ರೀಯರ ಮೇಲೆ ಅರಿವಳಿಕೆಯಿಲ್ಲದೆ ಶಸ್ತ್ರಚಿಕಿತ್ಸೆಯ ಪ್ರಯೋಗಗಳನ್ನು ನಡೆಸಿದನು. ಅವರಲ್ಲಿ ಅನಾರ್ಕಾ ಎಂಬಾಕೆಯೊಬ್ಬಳನ್ನೇ ಸುಮಾರು 30 ಬಾರಿ ಕೊಯ್ಯಲಾಯಿತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಆ ವೈದ್ಯನ ಪ್ರತಿಮೆಯನ್ನು ತೆರವುಗೊಳಿಸಿದ್ದು 2018ರಲ್ಲಿ.

ಇದೆಲ್ಲ ಹಳೆಯ ಕಥೆಯಲ್ಲವೇ ಎನ್ನುವವರು 2016ರಲ್ಲಿ ವರ್ಜೀನಿಯ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನವನ್ನು ನೋಡಲಿ. ಅದರಲ್ಲಿ ಭಾಗವಹಿಸಿದ ಬಿಳಿಯ ವೈದ್ಯವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರ ಪೈಕಿ ಸುಮಾರು ಅರ್ಧದಷ್ಟು ಮಂದಿ, ಕಪ್ಪು ಜನರ ಚರ್ಮ ಹೆಚ್ಚು ದಪ್ಪವೆಂಬಂಥ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದರು. ಇಂಥ ನಂಬಿಕೆಯುಳ್ಳವರು ಕಪ್ಪು ರೋಗಿಯ ನೋವನ್ನು ಕಡಿಮೆಯೆಂದು ಅಳೆದರು.

ಕೀರ್ತಿಯಾಗಲಿ ಸಂಪತ್ತಾಗಲಿ ಇದರಿಂದ ರಕ್ಷಿಸುವುದಿಲ್ಲ. 2017ರಲ್ಲಿ ಮಗಳು ಹುಟ್ಟಿದ ಮರುದಿನ ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್‌ಗೆ ಉಸಿರು ಕಟ್ಟಿತು. ಹಿಂದೆಯೂ ರಕ್ತ ಹೆಪ್ಪುಗಟ್ಟಿದ್ದರಿಂದ ಆಕೆ ಸಿ.ಟಿ. ಸ್ಕ್ಯಾನ್ ಬೇಕೆಂದರೆ, ನೋವಿನ ಔಷಧದ ಅಮಲಿನಲ್ಲಿ ಗೊಂದಲಗೊಂಡಿರಬಹುದೆಂದು ದಾದಿ ಭಾವಿಸಿದಳು. ಪಟ್ಟು ಹಿಡಿದು ಮಾಡಿಸಿಕೊಂಡ ಸ್ಕ್ಯಾನಿನಲ್ಲಿ ಶ್ವಾಸಕೋಶದ ಹೆಪ್ಪುಗಳು ಕಂಡವು. ಪಟ್ಟು ಹಿಡಿದರೂ ಯಾರೂ ಕಿವಿಗೊಡದ ತಾಯಂದಿರ ಗತಿಯೇನು? 2022ರಲ್ಲಿ ಅಮೆರಿಕದಲ್ಲಿ ಪ್ರತಿ ಲಕ್ಷ ಸಜೀವ ಜನನಗಳಿಗೆ ಬಿಳಿಯ ತಾಯಂದಿರ ಮರಣ 19 ಇದ್ದರೆ, ಕಪ್ಪು ತಾಯಂದಿರದು 49.5. ಈ ಅಂತರಕ್ಕೆ ಕಾರಣಗಳು ಹಲವು. ಆದರೆ ಕೇಳದ ಕಿವಿಯೂ ಅವುಗಳಲ್ಲೊಂದು.

ಕಷ್ಟವನ್ನು ಗೆದ್ದವಳನ್ನು ಮೆಚ್ಚುವುದು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಆದರೆ ಅವಳ ಹೆಗಲಿನಿಂದ ಹೊರೆಯನ್ನು ಇಳಿಸದೆ ಆ ಹೆಗಲನ್ನು ಕೊಂಡಾಡುವುದು ಮೆಚ್ಚುಗೆಯಲ್ಲ. 'ನನಗೆ ನೋಯುತ್ತಿದೆ' ಎಂದು ಅವಳು ಹೇಳಿದಾಗ, ಸಾಕ್ಷಿ ಕೇಳದೆ ನಂಬುವುದೇ ಅವಳಿಗೆ ಸಲ್ಲಬೇಕಾದ ಗೌರವ.